ಕದಿರಮ್ಮ ಅಂದ ‘ಸರಿ’

ನನಗೆ ಬಾಯಿ ಜಾಸ್ತಿ. ಮೂವತ್ತು ವರ್ಷ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ಮಕ್ಕಳು ಉತ್ತರ ಹೇಳುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ಆ ಚಾಳಿಯಿಂದ ಕದಿರಮ್ಮನಿಗೆ ನಾನು ಮಾಡಿದ ಅನ್ಯಾಯವನ್ನು ಈಗಲಾದರೂ ಹೇಳಿಕೊಳ್ಳಬೇಕು.

ಕದಿರಮ್ಮ ಬೂದಿಕೋಟೆ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಮೂರು ಎಮ್ಮೆಗಳಿದ್ದವು. ಬೆಳಗಿನ ಮೊದಲ ಬಸ್ಸಿಗೆ ಮೊಸರಿನ ಕ್ಯಾನು ಹೊತ್ತು ಬಂಗಾರಪೇಟೆಗೆ ಬಂದು ನಾನು ಹತ್ತುವ ಮಾರಿಕುಪ್ಪಂ ರೈಲನ್ನೇ ಹತ್ತುತ್ತಿದ್ದಳು. ಕಿಟಕಿ ಪಕ್ಕದ ಸೀಟು ಯಾರಿಗೆ ಎಂಬುದು ನಮ್ಮ ಬೋಗಿಯಲ್ಲಿ ಸರಿ ಬೆಸದಿಂದ ತೀರ್ಮಾನವಾಗುತ್ತಿತ್ತು. ಒಬ್ಬರು ಮುಷ್ಟಿಯಲ್ಲಿ ಹುಣಸೆ ಬೀಜ ಹಿಡಿಯಬೇಕು, ಇನ್ನೊಬ್ಬರು ಊಹಿಸಬೇಕು. ಎರಡು, ನಾಲ್ಕು, ಆರು ಇದ್ದರೆ ಸರಿ. ಒಂದು, ಮೂರು, ಐದು ಇದ್ದರೆ ಬೆಸ. ಶಾಲೆಯಲ್ಲಿ ನಾನು ಸಮಸಂಖ್ಯೆ ಎಂದು ಕಲಿಸುತ್ತಿದ್ದುದು ರೈಲಿನಲ್ಲಿ ಸರಿ ಆಗುತ್ತಿತ್ತು, ಅಷ್ಟೇ. ಕದಿರಮ್ಮ ಮುಷ್ಟಿ ನೋಡುತ್ತಿರಲಿಲ್ಲ, ಹಿಡಿದವರ ಮುಖ ನೋಡುತ್ತಿದ್ದಳು. ಕಿಟಕಿ ಯಾವತ್ತೂ ಅವಳದೇ.

ಎದುರಿಗೆ ಕೂರುತ್ತಿದ್ದವನು ಪೆರುಮಾಳ್, ಗಣಿಯ ವೈರ್‌ಮ್ಯಾನ್. ಮನೆಮಾತು ತಮಿಳು, ಹೌದು ಅನ್ನುವ ಕಡೆಯೂ ಬಾಯಿತಪ್ಪಿ ಆಮಾ ಅನ್ನುವವನು. ಹೆಂಡತಿ ಸತ್ತ ಮೇಲೆ ಕ್ವಾರ್ಟರ್ಸ್ ಬಿಟ್ಟು ಬಂಗಾರಪೇಟೆಯಲ್ಲಿ ಅಕ್ಕನ ಮನೆ ಸೇರಿದ್ದ. ನಲವತ್ತೈದು ದಾಟಿದರೂ ಹೆಂಗಸರ ಮುಂದೆ ತಲೆ ಎತ್ತದ ನಾಚಿಕೆಯವನು. ಎಂಬತ್ತೊಂಬತ್ತರಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ಶುರುವಾದಾಗ ಇವನೂ ಹೋಗಿ ಸಾಲಿನಲ್ಲಿ ನಿಂತನಂತೆ. ಹುಡುಗರು ನಕ್ಕರಂತೆ. ದೊಡ್ಡವರಿಗೂ ಒಂದು ಬೇಡವೇ ಎಂದು ರೋಷ ಬಂದು ತಾನೇ ಒಂದು ಮಾಡಿಕೊಂಡು ಬಂದ. ಬಿಸ್ಕತ್ತಿನ ಡಬ್ಬಿಯೊಳಗೆ ಒಂಬತ್ತು ಟಾರ್ಚ್ ಬಲ್ಬು, ಎರಡು ಸೆಲ್ಲು, ಒಂದು ಚಕ್ರ. ಹಿಡಿ ತಿರುಗಿಸಿದರೆ ಚಕ್ರ ಟಕಟಕ ಸುತ್ತಿ ಎಲ್ಲೋ ನಿಲ್ಲುತ್ತದೆ, ಅದಕ್ಕೆ ತಕ್ಕಂತೆ ಮುಚ್ಚಳದ ಕೆಳಗೆ ಒಂದಷ್ಟು ಬಲ್ಬು ಹತ್ತುತ್ತವೆ. ಸರಿಯೋ ಬೆಸವೋ ಹೇಳಿ ಮುಚ್ಚಳ ತೆಗೆಯಬೇಕು. ಡಬ್ಬಿಗೆ ಮುಖವಿಲ್ಲವಲ್ಲ, ಈಗ ಕದಿರಮ್ಮ ಹೇಗೆ ಗೆಲ್ಲುತ್ತಾಳೋ ನೋಡೋಣ ಎಂದು ಬೋಗಿಗೆ ಬೋಗಿಯೇ ಕತ್ತು ಚಾಚಿತು.

ಅವಳು ಡಬ್ಬಿಗೆ ಕಿವಿಯಾನಿಸಿ ಟಕಟಕ ಸದ್ದು ಎಣಿಸಿ ಮೂರು ದಿನ ಗೆದ್ದಳು. ನಾಲ್ಕನೆಯ ದಿನ ಕೋರಮಂಡಲ ದಾಟುತ್ತಿದ್ದಂತೆ ಪೆರುಮಾಳ್ ಹಿಡಿ ತಿರುಗಿಸಿದವನು, ಅದೆಲ್ಲಿತ್ತೋ ಧೈರ್ಯ, ತಲೆ ಬಗ್ಗಿಸಿಕೊಂಡೇ ಕೇಳಿಬಿಟ್ಟ. “ಕದಿರಮ್ಮ, ನಾನೂ ಒಂಟಿ, ನೀವೂ ಒಂಟಿ. ನಾವಿಬ್ಬರೂ ಕಲ್ಯಾಣ ಮಾಡ್ಕೊಳ್ಳೋಣವಾ?”

ಅವಳ ಕಿವಿ ಡಬ್ಬಿಯಲ್ಲಿತ್ತು. ರೈಲಿನ ಗಲಾಟೆ ಬೇರೆ. ಚಕ್ರ ನಿಂತಿತು. “ಸರಿ,” ಎಂದಳು, ಗಟ್ಟಿಯಾಗಿ.

ಆಟದ ಸರಿ ಪೆರುಮಾಳ್‌ಗೂ ಗೊತ್ತಿತ್ತು. ಆದರೆ ತಮಿಳಿನಲ್ಲಿ ಸರಿ ಅಂದರೆ ಒಪ್ಪಿಗೆಯೇ ಹೊರತು ಸಮಸಂಖ್ಯೆಯಲ್ಲ, ಆ ಗಳಿಗೆಯಲ್ಲಿ ಅವನಿಗೆ ಕೇಳಿಸಿದ್ದು ಅದೇ. ಪಾಪ, ಕಣ್ಣಲ್ಲಿ ನೀರು ಬಂತು. ಕನ್ನಡದವಳಾದ ನನಗೇನಾಗಿತ್ತು? ಎದ್ದು ನಿಂತು ಚಪ್ಪಾಳೆ ತಟ್ಟಿ, ಕದಿರಮ್ಮ ಪೆರುಮಾಳನ್ನು ಮದುವೆಯಾಗಲು ಒಪ್ಪಿದ್ದಾಳೆಂದು ಬಾಗಿಲ ಬಳಿ ನಿಂತಿದ್ದವರಿಗೂ ಕೇಳುವಂತೆ ಸಾರಿದೆ.

ಅವಳು ಅಷ್ಟರಲ್ಲಿ ಮುಚ್ಚಳ ತೆಗೆದಿದ್ದಳು. ಐದು ಬಲ್ಬು. ಬೆಸ. ಮೊದಲ ಸಲ ಸೋತಿದ್ದಳು. ಸುತ್ತ ಎಲ್ಲರೂ ಒಳ್ಳೆಯದಾಯಿತು, ಒಳ್ಳೆಯದಾಯಿತು ಅನ್ನುತ್ತಿದ್ದರೆ, ತಾನು ಸೋತದ್ದಕ್ಕೆ ಇವರಿಗೆ ಇಷ್ಟೊಂದು ಖುಷಿಯೇ ಎಂದು ಮುಖ ಗಂಟಿಕ್ಕಿಕೊಂಡು ಕೂತಳು. ಹೂ ಮಾರುವ ಅಶ್ವತ್ಥಮ್ಮ ಒಂದು ಮೊಳ ಮಲ್ಲಿಗೆ ಮುಡಿಸಲು ಬಂದಾಗಲೇ ಅವಳಿಗೆ ವಿಷಯ ತಿಳಿದದ್ದು. ಹೂವನ್ನು ಕೈಯಿಂದ ತಡೆದಳು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ನಾನು ಅಂದಿದ್ದು ಆಟಕ್ಕೆ, ಟೀಚರಮ್ಮ.”

ಚಾಂಪಿಯನ್‌ನಲ್ಲಿ ಕ್ಯಾನೆತ್ತಿಕೊಂಡು ಇಳಿದವಳು ಮಾರನೆಯ ದಿನದಿಂದ ಬೇರೆ ಬೋಗಿ ಹತ್ತಿದಳು. ಪೆರುಮಾಳ್ ಡಬ್ಬಿ ತರುವುದನ್ನು ಬಿಟ್ಟ. ಕಿಟಕಿ ಪಕ್ಕದ ಸೀಟು ಖಾಲಿಯೇ ಬಿದ್ದಿರುತ್ತಿತ್ತು, ಕೂರಲು ಯಾರಿಗೂ ಮನಸ್ಸಿರಲಿಲ್ಲ. ಐದನೆಯ ದಿನ ತಡೆಯಲಾರದೆ ಅವಳಿದ್ದ ಬೋಗಿಗೆ ಹೋಗಿ ಪಕ್ಕದಲ್ಲಿ ಕೂತೆ, ತಪ್ಪಾಯಿತು ಎಂದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ.

“ಅದಿನಾರು ವರ್ಸಕ್ಕೆ ನನ್ ಮದ್ವೆ ಆಯ್ತು. ಆವಾಗ್ಲೂ ನನ್ ಬದ್ಲಿಗೆ ಬ್ಯಾರೆಯೋರೇ ಸರಿ ಅಂದಿದ್ರು. ನಾನ್ ಸಾಕಿದ್ ಎಮ್ಮೆ ಕರೂನ ಮಾರಿ ನನ್ನ ಗಂಡನ್ ಮನೆಗೆ ಕಳಿಸಿದ್ರು. ಗಂಡ ಓದ ಮ್ಯಾಲೆ ಈ ಎಮ್ಮೆಗೊಳ್ನ ನಾನೇ ಕಟ್ಕೊಂಡಿದ್ದು. ಆ ವೈರ್‌ಮ್ಯಾನ್ನೋರು ಒಳ್ಳೇರು ಅಂತ ನಂಗೂ ಗೊತ್ತು. ಆದ್ರೆ ಈ ಸಲನಾದ್ರೂ ನನ್ ಮಾತು ನಾನೇ ಆಡ್ಬೇಕು ಕಣಮ್ಮ.”

ಅಂದೇ ಪೆರುಮಾಳನ್ನು ಹುಡುಕಿಕೊಂಡು ಹೋದೆ. ಅವನಿಗೆ ನಾನು ಹೇಳಿದ್ದು ಇಷ್ಟೇ: ಡಬ್ಬಿ ಬೇಡ, ರೈಲು ಓಡುವಾಗ ಬೇಡ, ಎದುರು ನಿಂತು ಕೇಳು. ಎಮ್ಮೆಯ ವಿಷಯ ಮಾತ್ರ ನಾಲಿಗೆ ತುದಿಗೆ ಬಂದಿತ್ತು, ಅದನ್ನೂ ಹೇಳಿಟ್ಟೆ. ಚಾಳಿ ಎಲ್ಲಿ ಹೋಗುತ್ತದೆ!

ಮಾರನೆಯ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಇನ್ನೂ ನಿಂತಿತ್ತು. ಪೆರುಮಾಳ್ ಅವಳ ಮುಂದೆ ಹೋಗಿ, ಈ ಸಲ ತಲೆ ಎತ್ತಿ, ಎಮ್ಮೆಗಳನ್ನು ಮಾರುವುದು ಬೇಡ, ನಾನೇ ನಿಮ್ಮೂರಿಗೆ ಬಂದು ಇರುತ್ತೇನೆ, ದಿನಾ ಬಸ್ಸು ರೈಲು ಹತ್ತಿ ಕೆಲಸಕ್ಕೆ ಹೋಗುತ್ತೇನೆ, ನನ್ನನ್ನು ಕಟ್ಟಿಕೊಳ್ಳುತ್ತೀರಾ ಎಂದು ಕೇಳಿದ.

ಕದಿರಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. “ದೊಡ್ಡ ಎಮ್ಮೆ ಒದೀತದೆ,” ಎಂದಳು. “ಮದ್ಲು ಅದ್ಕೆ ನಿಮ್ ಗುರ್ತು ಆಗ್ಬೇಕು.”

ಅವನಿಗೆ ಏನೂ ತಿಳಿಯಲಿಲ್ಲ. ಗಾಬರಿಯಿಂದ ನನ್ನ ಕಡೆ ತಿರುಗಿ, ಟೀಚರ್, ಇದು ಹೌದೋ ಅಲ್ಲವೋ ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ದೇವರಾಣೆಗೂ ಗೊತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸುಮ್ಮನೆ ನಿಂತೆ.

ಹತ್ತು ವರ್ಷ ತಮಿಳರ ಬೀದಿಗಳಲ್ಲಿ ಮೊಸರು ಮಾರಿಯೂ ಒಂದು ದಿನ ತಮಿಳು ಆಡದಿದ್ದ ಹೆಂಗಸು, ತಪ್ಪು ತಿಳಿಯಲು ಯಾರಿಗೂ ಆಸ್ಪದವಿಲ್ಲದ ಹಾಗೆ, ಅವನ ಮಾತಿನಲ್ಲೇ ಹೇಳಿದಳು.

“ಆಮಾ.”