ಬಿಲ್ವದ ಅಂಚು, ಎರಡು ಡಿಸ್ಕು

ಅಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಜಡ್ಡು. ಹೆಂಚಿನ ಮೇಲಿನ ರೊಟ್ಟಿಯನ್ನು ಅದರಿಂದಲೇ ಒತ್ತಿ ತಿರುಗಿಸುತ್ತಿದ್ದರು, ಸುಡುತ್ತಿರಲಿಲ್ಲ. ವರ್ಷಗಟ್ಟಲೆ ರಟ್ಟಿಗೆ ತೂತು ಹೊಡೆದು ಬಂದ ಜಡ್ಡು ಅದು.

ರಕ್ತಸಂಬಂಧ ಏನೂ ಇಲ್ಲ. ಎಂಬತ್ತರ ದಶಕದಲ್ಲಿ ನಾನು ಹೊನ್ನೂರಿನಿಂದ ಕೊಳ್ಳೇಗಾಲದ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ಎದುರುಮನೆಯಲ್ಲಿದ್ದವರು. ಮಾಂಬಳ್ಳಿಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಗಂಡನ ಕಸುಬನ್ನೇ ಹಿಡಿದರು. ರೇಷ್ಮೆ ಸೀರೆಯ ಅಂಚನ್ನು ಚೌಕದ ಕಾಗದದ ಮೇಲೆ ಬರೆಯಬೇಕು, ಆ ಚೌಕಗಳ ಪ್ರಕಾರ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಬೇಕು, ದಾರದಲ್ಲಿ ಸಾಲಾಗಿ ಕಟ್ಟಬೇಕು. ಅದೇ ಒಂದು ಕಂತೆ. ಕಂತೆ ಮಗ್ಗದ ನೆತ್ತಿಗೇರಿ ತಿರುಗಿದರೆ ಸೀರೆಯಲ್ಲಿ ಹೂವು, ಹಂಸ ಏಳುತ್ತವೆ. ಹೆಂಗಸು ಹೊಡೆದ ಕಂತೆ ಮಗ್ಗಕ್ಕೆ ಆಗಿಬರೋದಿಲ್ಲ ಎಂದು ಬೀದಿಯ ಹಿರಿಯರು ಅಂದಾಗ ಅಕ್ಕ ಜಗಲಿಯಿಂದಲೇ ಕೇಳಿದ್ದರಂತೆ: "ತೂತ ಹೊಡಿಯಕ್ಕೆ ಕೈ ಬೇಕೋ, ಮೀಸೆ ಬೇಕೋ?"

ಪ್ರತಿ ಅಂಚಿಗೂ ಎರಡು ಕಂತೆ ಮಾಡುವುದು ಅವರ ಅತ್ತೆಯ ಕಾಲದ ಕಟ್ಟಳೆ. ಒಂದು ಮಗ್ಗಕ್ಕೆ, ಇನ್ನೊಂದು ಬೇರೆಯವರ ಮನೆಗೆ. ಎರಡೂ ಒಂದೇ ಸೂರಿನ ಕೆಳಗೆ ಇರಕೂಡದು. ಅಕ್ಕನ ಎರಡನೆಯ ಕಂತೆಗಳಿಗೆ ನಮ್ಮ ದೇವರ ಮನೆಯ ಅಟ್ಟವೇ ಜಾಗ. ಆಯುಧಪೂಜೆಗೆ ಇಳಿಸಿ, ಧೂಳು ಕೊಡವಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಏರಿಸುತ್ತಿದ್ದೆ. "ಹೊನ್ನೂರವ್ವ, ನಿಮ್ಮನೇಲಿ ದೇವ್ರು ಕೆಳಗೆ, ನನ್ ಕಂತೆ ಮ್ಯಾಲೆ. ಮಾದಪ್ಪ ಕ್ವಾಪ ಮಾಡ್ಕಂಡಾನು ಕಣೆ" ಎಂದು ನಗೋರು.

ಆ ಕಂತೆಗಳಲ್ಲಿ ಒಂದು ಬಿಲ್ವಪತ್ರೆಯ ಅಂಚು. ಮೂರು ಎಲೆ, ಒಂದು ತೊಟ್ಟು. ಅಕ್ಕನ ಅತ್ತೆ ಬರೆದದ್ದು. ಬರೆದ ಕಾಗದವನ್ನು ಗೆದ್ದಲು ಎಂದೋ ತಿಂದಿತ್ತು. ನಮ್ಮ ಬೀದಿಯ ಹೆಣ್ಣುಮಕ್ಕಳ ಧಾರೆ ಸೀರೆಗೆ ಆ ಅಂಚೇ ಆಗಬೇಕು.

ಎರಡು ಸಾವಿರದ ಎರಡನೇ ಇಸವಿ ಇರಬೇಕು, ನಮ್ಮ ಬೀದಿಯ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂತು. ಹಳೆಯ ಅಂಚುಗಳನ್ನೆಲ್ಲ ಅದಕ್ಕೆ ಏರಿಸುವ ಕೆಲಸ ಅಕ್ಕನದು. ಅವರ ಕಣ್ಣು ಮಂಜಾಗಿದ್ದರಿಂದ ಜೊತೆಗೆ ನಾನು. ಮೈಸೂರಿನಿಂದ ಬಂದ ಕಂಪ್ಯೂಟರಿನವರು ಪೆಟ್ಟಿಗೆ ಬಿಚ್ಚಿ ಒಳಗಿನ ಎರಡು ಡಿಸ್ಕು ತೋರಿಸಿದರು.

"ಎರಡನ್ನೂ ಸೇರಿಸಿ ಒಂದೇ ಮಾಡ್ತೀನಮ್ಮ. ರೇಡ್ ಅಂತಾರೆ. ಒಂದು ಅಂಚು ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಕೂರುತ್ತೆ. ಬೇಗ ತೆರೆಯುತ್ತೆ, ಜಾಗಾನೂ ಪೂರ್ತಿ ಸಿಗುತ್ತೆ."

"ಒಂದು ಕೆಟ್ರೆ?" ಅಕ್ಕ ಕೇಳಿದರು.

"ಕೆಡಲ್ಲ ಬಿಡಿ."

"ಕೆಡದೇ ಇರೋನು ಮಾದಪ್ಪ ಒಬ್ನೇ. ಕೆಟ್ರೆ?"

ಅವರು ತಲೆ ಕೆರೆದುಕೊಂಡರು. "ಎರಡರಲ್ಲಿರೋದೂ ಹೋಗುತ್ತೆ. ಬೇಕಾದ್ರೆ ಇದರಲ್ಲಿ ಬರೆದದ್ದೇ ಅದರಲ್ಲೂ ಬರೆಯೋ ಹಾಗೆ ಮಾಡಬಹುದು. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರುತ್ತೆ. ಆದ್ರೆ ಅರ್ಧ ಜಾಗ ದಂಡ."

"ಅಂಗೇ ಮಾಡಪ್ಪ."

ಸಂಘದ ಕಾರ್ಯದರ್ಶಿಗೆ ಸಿಟ್ಟು ಬಂತು. "ಏನಮ್ಮಾ, ಎರಡೆತ್ತು ತಂದು ಒಂದನ್ನೇ ಹೂಡೋ ಬುದ್ಧಿ ನಿಮ್ಮದು! ಕಾಲ ಓಡ್ತಾ ಅದೆ, ನೀವು ಕುಂಟ್ತಾ ಇದ್ದೀರಿ."

"ಕುಂಟ್ಕಂಡೇ ಮನೆ ಸೇರ್ತೀನಿ ಸಾ. ನಿಮ್ಮಂಗೆ ಮಾಡೋದಾದ್ರೆ ನನ್ ಅಂಚು ಒಂದೂ ಇದರೊಳಕ್ಕೆ ಬರಕಿಲ್ಲ" ಎಂದು ಕೈಚೀಲ ಎತ್ತಿ ಎದ್ದೇಬಿಟ್ಟರು. ಅಕ್ಕ ಹೇಳಿದಂತೆಯೇ ಆಯಿತು.

ಕಾರ್ಯದರ್ಶಿ ಸೋಲನ್ನು ಸುಮ್ಮನೆ ನುಂಗುವವರಲ್ಲ. ಅಂಚೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ, "ಜೋಡಿ ಅದರಲ್ಲೇ ಇದೆಯಲ್ಲ, ಬೇಕಾದಾಗ ತೆರೆದು ನೋಡಿ ಹೊಸ ಕಂತೆ ಹೊಡೆದರಾಯ್ತು. ಇನ್ನು ಹಳೇ ರಟ್ಟೆಲ್ಲ ಹಂಡೆ ಒಲೆಗೆ ಹಾಕಿ" ಎಂದರು. ಮಗ್ಗದ ಮೇಲಿದ್ದ ಸವೆದ ಕಂತೆಗಳು ಹಾಗೇ ಉರಿದವು. ನಮ್ಮ ಅಟ್ಟದವನ್ನು ಏನು ಮಾಡಲಿ ಎಂದು ಕೇಳಿದರೆ ಅಕ್ಕ, "ಒಲೆನೂ ನಿಂದೇ, ಅಟ್ಟನೂ ನಿಂದೇ. ನೋಡ್ಕಳವ್ವ" ಎಂದರು. ಇಳಿಸಿ ಒಲೆಯ ಮುಂದೆ ಕೂತೆ. ದೇವರಿಗೆ ಏರಿಸುವ ಪತ್ರೆಯನ್ನು ನೀರು ಕಾಯಿಸಲು ಸುಡುವುದೇ? ಸಂಘ ಏನಾದರೂ ಅನ್ನಲಿ ಎಂದು ಮತ್ತೆ ಅಟ್ಟಕ್ಕೇ ತಳ್ಳಿದೆ.

ಮರುವರ್ಷದ ಬೇಸಿಗೆಯಲ್ಲಿ ಒಂದು ಡಿಸ್ಕು ಕರಕರ ಎಂದು ನಿಂತಿತು. ಇನ್ನೊಂದರಲ್ಲಿ ಎಲ್ಲವೂ ಇತ್ತು. ಹೊಸದೊಂದು ತಂದು ಜೊತೆಗೆ ಹಾಕಿದರು. ಅವತ್ತು ಕಾರ್ಯದರ್ಶಿಯೇ ಎದ್ದು ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟರು.

ಆಮೇಲೆ ನನ್ನ ತಪ್ಪು. ಹೊಸ ಅಂಚು ಬರೆಯುವಾಗ ಹಳೆಯ ಕಾಗದದ ಮೇಲೆ ತೆಳು ಕಾಗದ ಹಾಸಿ, ಅದರ ಅಳತೆಯಲ್ಲೇ ಬರೆಯುವುದು ನಮ್ಮ ರೂಢಿ. ಕೆಳಗಿನದು ಕೆಳಗೇ ಇರುತ್ತದೆ. ಕಂಪ್ಯೂಟರಿನಲ್ಲೂ ಹಾಗೇ ಅಂದುಕೊಂಡೆ. ಬಿಲ್ವದ ಅಂಚು ತೆರೆದು, ಅದರ ಮೇಲೆ ಮಾವಿನಕಾಯಿ ಬರೆದು, ಉಳಿಸಿ ಮುಚ್ಚಿದೆ. ಕುಂತೂರಿಗೆ ಕೊಡುವ ನಮ್ಮ ಬೀದಿಯ ಹುಡುಗಿಯ ಧಾರೆ ಸೀರೆಗೆಂದು ಮತ್ತೆ ತೆರೆದರೆ ಬರೀ ಮಾವಿನಕಾಯಿ. ಮೈಸೂರಿನವರು ಫೋನಿನಲ್ಲಿ, "ಒಂದರಲ್ಲಿ ಏನು ಅಳಿಸ್ತೀರೋ ಇನ್ನೊಂದರಲ್ಲೂ ಅದೇ ಅಳಿಯುತ್ತೆ. ಎರಡೂ ಒಂದೇ ಥರ ಇರಲಿ ಅಂದೋರು ನೀವೇ ಅಲ್ವಾ?" ಎಂದರು.

"ಯಾರ ಕೈ ಇದು?" ಕಾರ್ಯದರ್ಶಿ ಗುಡುಗಿದರು. ಬಾಗಿಲ ತುಂಬ ಜನ. ನಾನು ಅಕ್ಕನ ಬೆನ್ನ ಹಿಂದೆ ಸರಿದೆ.

"ನಂದೇ" ಎಂದರು ಅಕ್ಕ. "ಏನೀಗ?"

"ಜೋಡಿ ಜೋಡಿ ಅಂತ ಕುಣಿದ್ರಲ್ಲ, ಕಾಯ್ತಾ ನಿಮ್ ಜೋಡಿ? ಕಣ್ಣು ಕಾಣದೋರನ್ನ ಇಟ್ಕಂಡ್ರೆ ಇದೇ ಪಾಡು." ಅಕ್ಕ ತಲೆ ತಗ್ಗಿಸಲಿಲ್ಲ.

ಬೀದಿಗೆ ಬಂದ ಮೇಲೆ ನಾನು ಅಳುತ್ತಿದ್ದೆ. "ಅಳೋದು ನಿಲ್ಸು. ಡಿಸ್ಕು ಕೆಟ್ರೆ ಡಿಸ್ಕು ಕಾಯ್ತದೆ. ಕೈ ತಪ್ಪುದ್ರೆ ಅಟ್ಟ ಕಾಯ್ಬೇಕು. ಹೇಳು, ಕಂತೆ ಅದಾ, ಸುಟ್ಬುಟ್ಯಾ?"

"ಅದೆ ಅಕ್ಕ."

ಅವರು ಅಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಗಲೇ ನನಗೆ ತಿಳಿದದ್ದು, ಅವರಿಗೂ ಎದೆ ಹೊಡೆದುಕೊಳ್ಳುತ್ತಿತ್ತು ಎಂದು.

ಇಲಿ ಮೂರು ರಟ್ಟು ಕಡಿದಿತ್ತು. ನಾಲ್ಕಲ್ಲವಲ್ಲ ಎಂದು ಅದಕ್ಕೂ ಮಾದಪ್ಪನಿಗೆ ಕೈ ಮುಗಿದೆ. ಹಿಂದುಮುಂದಿನ ರಟ್ಟುಗಳ ತೂತನ್ನು ಬೆರಳಲ್ಲಿ ತಡವಿ ಓದಿಕೊಂಡು, ಅಕ್ಕ ಆ ಮೂರನ್ನೂ ಹೊಸದಾಗಿ ಹೊಡೆದರು. ಹುಡುಗಿ ಬಿಲ್ವದ ಅಂಚನ್ನೇ ಉಟ್ಟು ಧಾರೆಗೆ ಕೂತಳು.

ಎರಡು ಸಾವಿರದ ನಾಲ್ಕರಲ್ಲಿ ಮೂರು ದಿನದ ಜ್ವರಕ್ಕೆ ಅಕ್ಕ ಹೋದರು. ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಹೂವಿನ ಹಾರ ಹಾಕಿದ ಪಟದ ಮುಂದೆ ಕಾರ್ಯದರ್ಶಿ ಒಳ್ಳೆಯ ಮಾತನ್ನೇ ಆಡಿದರು. ಕೊನೆಗೆ, "ವಯಸ್ಸಾದ ಮೇಲೆ ಒಂದು ಅಂಚು ಅಳಿಸಿದರು, ಪಾಪ, ಅದೊಂದು ಬಿಟ್ಟರೆ..." ಎಂದರು.

ನಾನು ಸಭೆಯಲ್ಲಿ ಬಾಯಿ ತೆರೆದವಳೇ ಅಲ್ಲ. ಗಂಡ ಸೆರಗು ಹಿಡಿದು ಜಗ್ಗುತ್ತಿದ್ದರೂ ಎದ್ದು ನಿಂತೆ.

"ಆ ಕೈ ನಂದು ಸಾ" ಎಂದೆ. "ಏನೀಗ?"