ಸದ್ದು ಕಲಸುವ ಎರ್ಮೆಕಣ್ಣ

ನಮ್ಮ ಬಿಷ್ಕೆಕ್ಕಿನ ಶ್ರವಣ ಪ್ರಯೋಗಾಲಯದ ಎರ್ಮೆಕಣ್ಣನಿಗೆ ಸಾಲು ಕಂಡರೆ ಆಗದು. ಕಿವಿ ಪರೀಕ್ಷೆಯಲ್ಲಿ ಕಂಪ್ಯೂಟರ್ ಕೇಳಿಸುವ ಸದ್ದುಗಳನ್ನು, ಬಂದ ಪ್ರತಿಯೊಬ್ಬರಿಗೂ ಇಸ್ಪೀಟಿನೆಲೆಯಂತೆ ಹೊಸದಾಗಿ ಕಲಸುವ ಪ್ರೋಗ್ರಾಮು ಅವನದೇ. "ಸಾಲಾಗಿ ಬಂದ್ರೆ ಕಿವಿ ಕೇಳಲ್ಲ ಕಣೋ, ಬಾಯಿಪಾಠ ಒಪ್ಸುತ್ತೆ!" ಎನ್ನುತ್ತಾನೆ. ಚಹಾದ ಬಟ್ಟಲುಗಳನ್ನೂ ಕಲಸಿಯೇ ಹಂಚುತ್ತಾನೆ. ಊರೆಲ್ಲ ಹಿರಿಯರಿಗೆ ಮೊದಲು ಕೊಟ್ಟರೆ, ಇಲ್ಲಿ ನರೆಗಡ್ಡದ ನಿರ್ದೇಶಕರಿಗೂ ಒಮ್ಮೊಮ್ಮೆ ಕಾವಲುಗಾರನಿಗೆ ಕೊಟ್ಟ ಮೇಲೆಯೇ. ನನ್ನಮ್ಮ, ಇಲ್ಲೇ ಕೆಲಸ ಮಾಡುವ ಮಗನ ಮರ್ಯಾದೆ ಉಳಿಸಲೆಂದು, ಹಳೆಯ ಪರೀಕ್ಷೆಯ ನಾಯಿ, ಗಂಟೆ, ಕುದುರೆಗಳ ಸಾಲನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ಪಾಸಾಗುತ್ತಿದ್ದಳು. ಎರ್ಮೆಕಣ್ಣ ಸಾಲು ಕಲಸಿದ ದಿನ ಗಂಟೆ ಬಾರಿಸಿದರೆ 'ನಾಯಿ' ಎಂದಳು. ಎಲ್ಲರೂ ನಕ್ಕೆವು, ಇವನು ಮಾತ್ರ ಅವಳ ಕಿವಿಯ ಬಳಿ ಬಗ್ಗಿ, "ಯಾವಾಗಿಂದ ಕೇಳಿಸ್ತಿಲ್ಲಮ್ಮಾ?" ಎಂದ. ಈಗ ಅಮ್ಮ ಶ್ರವಣಯಂತ್ರ ಹಾಕಿಕೊಂಡು ಮೊಮ್ಮಗಳ ಪಿಸುಮಾತಿಗೂ ತಿರುಗುತ್ತಾಳೆ. ಅವಳು ಪ್ರಯೋಗಾಲಯಕ್ಕೆ ಬಂದರೆ ಮೊದಲ ಬಟ್ಟಲು ಯಾವಾಗಲೂ ಅವಳಿಗೇ. "ಏನಪ್ಪಾ, ನಿನ್ನ ಕಲಸಾಟ ಎಲ್ಲೋಯ್ತು?" ಎಂದು ಅವಳು ಕೇಳಿದರೆ, ಎರ್ಮೆಕಣ್ಣನಿಗೆ ಕಿವಿಯೇ ಕೇಳಿಸುವುದಿಲ್ಲ.