ಮೋಡಕ್ಕೆ ಗೆರೆ ಎಳೆದ ಬ್ರಷ್ ಮಾಮ

ನಮ್ಮ ಶಾಲೆಗೆ ಇಪ್ಪತ್ತೆರಡು ವರ್ಷ ಚಾರ್ಟು ಬರೆದುಕೊಟ್ಟವರನ್ನು ಮಕ್ಕಳು ಬ್ರಷ್ ಮಾಮ ಎಂದೇ ಕರೆಯುತ್ತಿದ್ದರು. ಮೂಲತಃ ಅಂಗಡಿ ಬೋರ್ಡು ಬರೆಯುವವರು. ಸುತ್ತ ಗೆರೆ ಹೊಡೆಯದೆ ಯಾವ ಬೋರ್ಡನ್ನೂ ಕೈಬಿಟ್ಟವರಲ್ಲ. ಆ ವರ್ಷ ಮುಖ್ಯೋಪಾಧ್ಯಾಯರು, "ಈ ಸಲದ ಚಾರ್ಟು ಸರಿಹೋಗದಿದ್ದರೆ ಇನ್ನು ಅಚ್ಚಾದ ಚಾರ್ಟೇ ತರಿಸೋಣ" ಎಂದುಬಿಟ್ಟಿದ್ದರು.

ಬೇಕಾಗಿದ್ದುದು ಹೈಡ್ರೋಜನ್ ಪರಮಾಣುವಿನ ಚಿತ್ರ. ಅಚ್ಚಾದದ್ದರಲ್ಲಿ ಎಲೆಕ್ಟ್ರಾನು ಗ್ರಹದಂತೆ ಸುತ್ತುತ್ತಿತ್ತು. ವಿಜ್ಞಾನದ ಮೇಡಂಗೆ ಅದು ಬೇಡ, ಚುಕ್ಕೆಗಳ ಮೋಡ ಬೇಕು: ನಡುವೆ ದಟ್ಟ, ಹೊರಗೆ ಹೋದಂತೆ ವಿರಳ. ಮಾಮ ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ನೀಲಿ ಬಣ್ಣದಲ್ಲಿ ಅದ್ದಿ, ಬಾಚಣಿಗೆಗೆ ಉಜ್ಜಿ ಚುಕ್ಕೆ ಸಿಡಿಸಿದರು.

"ಇದರಲ್ಲಿ ಎಲೆಕ್ಟ್ರಾನ್ ಎಷ್ಟು ಮೇಡಂ?"

"ಒಂದೇ ಮಾಮ."

"ಒಂದಕ್ಕೆ ಇಷ್ಟು ಚುಕ್ಕೆಯಾ? ಇರೋ ಒಬ್ಬಳೇ ಮಗಳದ್ದು ಸಾವಿರ ಫೋಟೋ ತೆಗೆದ ಹಾಗಾಯ್ತು."

"ಹೆಚ್ಚುಕಡಿಮೆ ಹಾಗೇ. ಮತ್ತೆ ಮತ್ತೆ ಹುಡುಕಿದರೆ ಎಲ್ಲೆಲ್ಲಿ ಸಿಗುತ್ತೋ ಅಲ್ಲಲ್ಲಿ ಒಂದೊಂದು ಚುಕ್ಕೆ."

"ಹುಡುಕದೇ ಇದ್ದಾಗ ಎಲ್ಲಿರುತ್ತೆ?"

"ಇಂಥಾ ಕಡೆ ಅಂತ ಹೇಳೋಕಾಗಲ್ಲ."

ಮಾಮ ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಕಡೆ ತಿರುಗಿದರು. "ನಿಮಗೇನಾದ್ರೂ ತಿಳೀತಾ ಮೇಷ್ಟ್ರೇ?"

ಕನ್ನಡದ ಮೇಷ್ಟ್ರಾದ ನನಗೂ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗಿತ್ತು. "ಇಲ್ಲಪ್ಪ" ಎಂದೆ.

ಚಾರ್ಟು ತರಗತಿಗೆ ಬಂದಾಗ ಮೋಡದ ಸುತ್ತ ಅಚ್ಚುಕಟ್ಟಾದ ಕಪ್ಪು ಗೆರೆಯಿತ್ತು. "ಅರೆಬರೆ ಕಾಣ್ತಿತ್ತು, ನಾನೇ ಹಾಕಿದೆ" ಎಂದರು ಮಾಮ. ಮೇಡಂ ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಎಲೆಕ್ಟ್ರಾನು ಈ ಗೆರೆ ದಾಟಲ್ಲ ಅಲ್ವಾ ಮೇಡಂ?"

ಮೇಡಂ ಮುಖ ಸಣ್ಣದಾಯಿತು. "ಆಚೆಗೂ ಸಿಗಬಹುದು ಪುಟ್ಟಿ. ಅಪರೂಪ, ಅಷ್ಟೇ." ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರು ಗಂಟಲು ಸರಿಮಾಡಿಕೊಂಡರು.

ಎಣ್ಣೆಬಣ್ಣ, ಅಳಿಸುವಂತಿರಲಿಲ್ಲ. ಮಾಮ ನೀಲಿಯ ಡಬ್ಬಿ ತೆರೆದು ಗೆರೆಯಾಚೆ ಒಂದು ಚುಕ್ಕೆ ಇಟ್ಟರು. "ಇಲ್ಲಿ?"

"ಸಿಗಬಹುದು."

ಹಾಳೆಯ ಅಂಚಿಗೊಂದು. "ಇಲ್ಲಿ?"

"ಇನ್ನೂ ಅಪರೂಪ. ಆದರೂ ಸಿಗಬಹುದು."

ಮೂರನೆಯದನ್ನು ಸುಣ್ಣದ ಗೋಡೆಗೇ ಇಟ್ಟರು. "ನಮ್ಮ ಬೆಂಚಿಗೂ ಇಡಿ ಮಾಮ" ಎಂದು ಹಿಂದಿನಿಂದ ಯಾರೋ ಕೂಗಿದರು. "ಅಲ್ಲೂ ಸಿಗುತ್ತಾ?" ಎಂದು ಹುಡುಗಿ ಎದ್ದು ನಿಂತಳು. ಇಡೀ ತರಗತಿ ಮೇಡಂ ಬಾಯನ್ನೇ ನೋಡುತ್ತಿತ್ತು.

ಮುಖ್ಯೋಪಾಧ್ಯಾಯರು ಮಕ್ಕಳನ್ನು ಒಮ್ಮೆ ನೋಡಿದರು. "ಮುಂದಿನ ಚಾರ್ಟೂ ನೀವೇ ಬರೀರಿ. ಗೋಡೆ ಒಂದು ಬಿಟ್ಟುಬಿಡಿ" ಎಂದು ಹೊರಟುಹೋದರು.

ಕೆಲಸವೇನೋ ಉಳಿಯಿತು. ಮಾಮನ ಮುಖ ಮಾತ್ರ ತಿಳಿಯಾಗಲಿಲ್ಲ.

"ಹಾಗಾದ್ರೆ ನಾನು ಎಲ್ಲಿಗೆ ನಿಲ್ಲಿಸಬೇಕಿತ್ತು ಮೇಡಂ?"

"ಅದಕ್ಕೆ ಅಂಚೇ ಇಲ್ಲ ಮಾಮ."

"ಮುಗೀತೋ ಇಲ್ವೋ ಗೊತ್ತಾಗದೆ ಯಾವತ್ತೂ ಮನೆಗೆ ಹೋದವನಲ್ಲ ನಾನು" ಎನ್ನುತ್ತ ಮಾಮ ಚಪ್ಪಲಿ ಮೆಟ್ಟಿಕೊಂಡರು.